ಮೊದಲು ಲೆನ್ಸು, ಆಮೇಲೆ ಬಾಡಿ

ಕಾಂಪ್ಯಾಕ್ಟ್ ಕ್ಯಾಮೆರಾದಿಂದ ಮೊದಲ ಡಿಎಸ್‌ಎಲ್‌ಆರ್‌ಗೆ ಬರಲು ಹೊರಟವರಿಗೆ ನಮ್ಮಲ್ಲಿ ಸಿಗುವ ಸಲಹೆ ಒಂದೇ. ‘ಹೇಗೂ ದುಡ್ಡು ಹಾಕ್ತಾ ಇದ್ದೀರಿ, ಸ್ವಲ್ಪ ಮೇಲಿನ ಮಾಡೆಲ್ಲೇ ತಗೊಳ್ಳಿ. ಲೆನ್ಸು ಆಮೇಲೆ ನೋಡಿಕೊಂಡರಾಯಿತು.’ ಅಂಗಡಿಯವರು ಹೀಗೆ ಹೇಳುತ್ತಾರೆ. ನಾಲ್ಕು ವರ್ಷ ಕ್ಯಾಮೆರಾ ಹಿಡಿದು ಓಡಾಡಿದ ಗೆಳೆಯರೂ ಹೀಗೇ ಹೇಳುತ್ತಾರೆ. ಮದುವೆಮನೆಯ ಛಾಯಾಗ್ರಾಹಕರನ್ನು ಕೇಳಿದರೂ ಬಾಯಿಂದ ಮೊದಲು ಬರುವುದು ಬಾಡಿಯ ಮಾಡೆಲ್ ನಂಬರೇ. ಕೇಳುವವರೂ ಅಷ್ಟನ್ನೇ ಕೇಳಲು ಬಂದಿರುತ್ತಾರೆ. ಹಾಗಾಗಿ ಹಣದ ಮುಕ್ಕಾಲು ಪಾಲಿಗಿಂತ ಹೆಚ್ಚು ಬಾಡಿಗೇ ಹೋಗುತ್ತದೆ, ಉಳಿದದ್ದರಲ್ಲಿ ಒಂದು ಬ್ಯಾಗು, ಒಂದು ಮೆಮೊರಿ ಕಾರ್ಡು, ಒಂದು ಟ್ರೈಪಾಡ್ ಬರುತ್ತದೆ. ಲೆನ್ಸು ಡಬ್ಬದೊಳಗೆ ಬಂದದ್ದೇ.

ಈ ಸಲಹೆ ಬುಡದಿಂದಲೇ ತಪ್ಪು ಎಂಬುದು ನನ್ನ ವಾದ. ಅದರಿಂದ ಆಗುವ ನಷ್ಟ ಬರೀ ಹಣದ್ದಾಗಿದ್ದರೆ ಇಷ್ಟು ಬರೆಯುವ ಅಗತ್ಯವಿರಲಿಲ್ಲ. ಎರಡು ವರ್ಷ ಡಬ್ಬದ ಲೆನ್ಸಿನಲ್ಲೇ ತೆಗೆದು, ಚಿತ್ರಗಳು ಹಳೆಯ ಕಾಂಪ್ಯಾಕ್ಟಿನ ಚಿತ್ರಗಳಿಗಿಂತ ಯಾಕೆ ಬೇರೆಯಾಗಲಿಲ್ಲ ಎಂದು ಅರ್ಥವಾಗದೆ, ಕೊನೆಗೆ ಬ್ಯಾಗನ್ನು ಬೀರುವಿನ ಮೇಲಿಟ್ಟವರು ಪ್ರತಿ ಊರಿನಲ್ಲೂ ಇದ್ದಾರೆ. ‘ದುಡ್ಡು ದಂಡ, ಆಸಕ್ತಿ ಹೋಯ್ತು’ ಎಂದು ಮನೆಯವರು ಅನ್ನುತ್ತಾರೆ. ತಮಗೆ ಕಣ್ಣೇ ಇಲ್ಲವೇನೋ ಎಂದು ಕ್ಯಾಮೆರಾ ಕೊಂಡವರೇ ನಂಬಿಬಿಡುತ್ತಾರೆ. ಅವರ ಕಣ್ಣಿಗೆ ಏನೂ ಆಗಿರಲಿಲ್ಲ. ಅವರ ಹಣವನ್ನು ಕ್ಯಾಮೆರಾದ ತಪ್ಪು ಭಾಗಕ್ಕೆ ಹಾಕಿಸಲಾಗಿತ್ತು.

ಕಾಂಪ್ಯಾಕ್ಟ್ ಬಿಟ್ಟು ಎಸ್‌ಎಲ್‌ಆರ್ ಹಿಡಿದಾಗ ಸಿಗುವುದು ಏನು ಎಂಬುದನ್ನೇ ಮೊದಲು ನೋಡೋಣ. ಸಾಮಾನ್ಯ ಕಾಂಪ್ಯಾಕ್ಟಿನ ಸೆನ್ಸರ್ ಸುಮಾರು 6.2 ಎಂಎಂ ಅಗಲ, 4.6 ಎಂಎಂ ಎತ್ತರ. ಒಟ್ಟು 28 ಚದರ ಎಂಎಂ. ಕ್ಯಾನನ್ನಿನ ಆರಂಭಿಕ ಡಿಎಸ್‌ಎಲ್‌ಆರ್ ಸೆನ್ಸರು 22.3ಕ್ಕೆ 14.9 ಎಂಎಂ, ನಿಕಾನಿನದು ಅದಕ್ಕಿಂತ ತುಸು ದೊಡ್ಡದು. ಅಂದರೆ ಬೆಳಕು ಬೀಳುವ ಜಾಗ ಹತ್ತಿರ ಹತ್ತಿರ ಹನ್ನೆರಡು ಪಟ್ಟು ಹೆಚ್ಚುತ್ತದೆ. ಇದರ ಜೊತೆಗೆ ಕನ್ನಡಿಯ ಮೂಲಕ ಲೆನ್ಸಿನಿಂದಲೇ ನೇರವಾಗಿ ನೋಡುವ ವ್ಯೂಫೈಂಡರ್ ಬರುತ್ತದೆ. ಗುಂಡಿ ಅರ್ಧ ಒತ್ತಿದೊಡನೆ ಫೋಕಸ್ ಹಿಡಿಯುವ, ಪೂರ್ತಿ ಒತ್ತಿದೊಡನೆ ಕ್ಲಿಕ್ ಆಗುವ ಚುರುಕು ಬರುತ್ತದೆ. ಕಾಂಪ್ಯಾಕ್ಟಿನಲ್ಲಿ ಮಗು ನಕ್ಕದ್ದನ್ನು ನೋಡಿ ಒತ್ತಿದರೆ ನಗು ಮುಗಿದ ಮುಖ ಸಿಗುತ್ತಿತ್ತಲ್ಲ, ಆ ಕಾಟ ತಪ್ಪುತ್ತದೆ. ಸೆನ್ಸರ್ ಕಂಡದ್ದನ್ನು ಹಾಗೇ ಉಳಿಸುವ ರಾ ಫೈಲ್ ಸಿಗುತ್ತದೆ. ಲೆನ್ಸ್ ಬದಲಾಯಿಸುವ ಅವಕಾಶ ಸಿಗುತ್ತದೆ.

ಇವೆಲ್ಲವೂ ಅತಿ ಅಗ್ಗದ ಡಿಎಸ್‌ಎಲ್‌ಆರ್‌ನಲ್ಲೇ ಸಿಗುತ್ತವೆ. ಕಾಂಪ್ಯಾಕ್ಟಿನಿಂದ ಎಸ್‌ಎಲ್‌ಆರ್‌ಗೆ ಇರುವ ದೊಡ್ಡ ಮೆಟ್ಟಿಲನ್ನು ಕಂಪನಿಯ ಪಟ್ಟಿಯ ಕಟ್ಟಕಡೆಯ ಮಾಡೆಲ್ಲೇ ಹತ್ತಿಸಿಬಿಡುತ್ತದೆ. ಕ್ಯಾನನ್ 2009ರಲ್ಲಿ ತನ್ನ ಮೇಲ್ದರ್ಜೆಯ 7ಡಿ ಕ್ಯಾಮೆರಾಕ್ಕೆ 18 ಮೆಗಾಪಿಕ್ಸೆಲ್ಲಿನ ಒಂದು ಸೆನ್ಸರ್ ಹಾಕಿತು. ಮರುವರ್ಷ ಹೆಚ್ಚುಕಡಿಮೆ ಅದೇ ಸೆನ್ಸರ್ 550ಡಿಯಲ್ಲಿ ಬಂತು, 60ಡಿಯಲ್ಲಿ ಬಂತು, 2011ರಲ್ಲಿ 600ಡಿಯಲ್ಲೂ ಬಂತು. ನಿಕಾನಿನ ಡಿ7000ದ 16 ಮೆಗಾಪಿಕ್ಸೆಲ್ ಸೆನ್ಸರ್ ಅದಕ್ಕಿಂತ ಎಷ್ಟೋ ಕಡಿಮೆ ಬೆಲೆಯ ಡಿ5100ರಲ್ಲೂ ಇತ್ತು. ಒಂದೇ ಲೆನ್ಸ್ ಹಾಕಿ, ಒಂದೇ ಬೆಳಕಿನಲ್ಲಿ ಈ ಮೇಲಿನ ಮತ್ತು ಕೆಳಗಿನ ಕ್ಯಾಮೆರಾಗಳಲ್ಲಿ ತೆಗೆದ ಎರಡು ಪ್ರಿಂಟುಗಳನ್ನು ಮೇಜಿನ ಮೇಲಿಟ್ಟರೆ ಯಾವುದು ಯಾವುದರದೆಂದು ಹೇಳಬಲ್ಲವರು ನನಗಂತೂ ಸಿಕ್ಕಿಲ್ಲ.

ಹಾಗಾದರೆ ಮೇಲಿನ ಬಾಡಿಯಲ್ಲಿ ಏನೂ ಇಲ್ಲವೇ? ಇದೆ. ವ್ಯೂಫೈಂಡರ್ ದೊಡ್ಡದು, ಕಾಣುವುದು ನಿಚ್ಚಳ. ಷಟರ್‌ಗೊಂದು ಚಕ್ರ, ಅಪರ್ಚರ್‌ಗೊಂದು ಚಕ್ರ. ಸೆಕೆಂಡಿಗೆ ಹೆಚ್ಚು ಫ್ರೇಮು, ಹೆಚ್ಚು ಫೋಕಸ್ ಬಿಂದುಗಳು, ಮಳೆ ದೂಳು ತಡೆಯುವ ಕಟ್ಟು. ದಿನವಿಡೀ ಕ್ಯಾಮೆರಾ ಹಿಡಿದು ದುಡಿಯುವವರಿಗೆ ಇವೆಲ್ಲ ಬೇಕೇ ಬೇಕು. ಮೊನ್ನೆಯವರೆಗೆ ಕಾಂಪ್ಯಾಕ್ಟಿನಲ್ಲಿ ಆಟೊ ಬಿಟ್ಟು ಬೇರೇನೂ ಮುಟ್ಟದಿದ್ದವರ ಚಿತ್ರ ಇವುಗಳಿಂದ ಒಂದು ಗುಲಗಂಜಿಯಷ್ಟೂ ಉತ್ತಮವಾಗುವುದಿಲ್ಲ.

ಮೆಗಾಪಿಕ್ಸೆಲ್ ವಿಷಯವನ್ನು ಬೇಗ ಮುಗಿಸುತ್ತೇನೆ, ಅದು ಅಷ್ಟಕ್ಕೇ ಯೋಗ್ಯ. 6 ಮೆಗಾಪಿಕ್ಸೆಲ್ ಎಂದರೆ ಮೂರು ಸಾವಿರಕ್ಕೆ ಎರಡು ಸಾವಿರ ಚುಕ್ಕಿ. ಇಂಚಿಗೆ 300 ಚುಕ್ಕಿಯಂತೆ ಒಳ್ಳೆಯ ಗುಣಮಟ್ಟದಲ್ಲಿ ಹತ್ತು ಇಂಚು ಅಗಲದ ಪ್ರಿಂಟ್ ಸಿಗುತ್ತದೆ. ಅದನ್ನು ನಾಲ್ಕು ಪಟ್ಟು ಮಾಡಿ 24ಕ್ಕೆ ಏರಿಸಿದರೆ ಪ್ರಿಂಟಿನ ಅಗಲ ನಾಲ್ಕು ಪಟ್ಟಾಗುವುದಿಲ್ಲ, ಎರಡು ಪಟ್ಟಾಗುತ್ತದೆ. ಫುಲ್ ಎಚ್‌ಡಿ ಟಿವಿಯ ಪರದೆ ತೋರಿಸುವುದು ಎರಡೇ ಮೆಗಾಪಿಕ್ಸೆಲ್, 4ಕೆ ಟಿವಿ ತೋರಿಸುವುದು ಎಂಟು ಚಿಲ್ಲರೆ. ವಾಟ್ಸ್ಆ್ಯಪ್‌ನಲ್ಲಿ ಹೋಗುವ ಚಿತ್ರಕ್ಕೆ ಇವು ಯಾವುವೂ ಲೆಕ್ಕಕ್ಕೇ ಬರುವುದಿಲ್ಲ. ಗೋಡೆಗೆ ಎರಡಡಿ ಮೂರಡಿಯ ಚಿತ್ರ ಹಾಕಿಸುವವರು ಮಾತ್ರ ಈ ಅಂಕಿಯ ಬಗ್ಗೆ ತಲೆ ಕೆಡಿಸಿಕೊಳ್ಳಲಿ.

ಇನ್ನು ಲೆನ್ಸಿಗೆ ಬರುತ್ತೇನೆ, ವಿಷಯ ಇರುವುದೇ ಇಲ್ಲಿ. ಡಬ್ಬದಲ್ಲಿ ಬರುವ 18-55 ಲೆನ್ಸಿನ ಮೂತಿಯ ಸುತ್ತ ಬರೆದಿರುತ್ತದೆ: 3.5-5.6. ಅಗಲ ನೋಟದಲ್ಲಿ ಅದು ಎಫ್ 3.5ರವರೆಗೆ ತೆರೆಯುತ್ತದೆ, ಜೂಮ್ ಮಾಡುತ್ತ ಹೋದಂತೆ 5.6ಕ್ಕೆ ಕಿರಿದಾಗುತ್ತದೆ. ಈ ಎಫ್ ಸಂಖ್ಯೆಯಲ್ಲಿ ಗುಟ್ಟೇನಿಲ್ಲ. ಲೆನ್ಸಿನ ಫೋಕಲ್ ಲೆಂತ್ ಅನ್ನು ಅದರ ಕಿಂಡಿಯ (ಅಪರ್ಚರ್) ಅಗಲದಿಂದ ಭಾಗಿಸಿದರೆ ಬರುವ ಅಂಕಿ ಅದು. 55 ಎಂಎಂಗೆ ಜೂಮ್ ಮಾಡಿದ ಡಬ್ಬದ ಲೆನ್ಸಿನ ಕಿಂಡಿ ಹತ್ತು ಎಂಎಂ. 50 ಎಂಎಂ ಎಫ್ 1.8 ಲೆನ್ಸಿನ ಕಿಂಡಿ 28 ಎಂಎಂ. ಎರಡನ್ನೂ ಕೈಯಲ್ಲಿ ಹಿಡಿದು ಮುಂದಿನ ಗಾಜಿನೊಳಗೆ ಇಣುಕಿ ನೋಡಿದರೆ ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ. ಎಫ್ ಸಂಖ್ಯೆಯ ವರ್ಗವೇ ಬೆಳಕಿನ ಲೆಕ್ಕವಾದ್ದರಿಂದ ಎರಡನೆಯದು ಒಳಗೆ ಬಿಡುವ ಬೆಳಕು ಮೊದಲನೆಯದಕ್ಕಿಂತ ಒಂಬತ್ತೂವರೆ ಪಟ್ಟಿಗೂ ಹೆಚ್ಚು. ಬೆಳಕು ಇಮ್ಮಡಿಯಾದರೆ ಒಂದು ಸ್ಟಾಪ್ ಎನ್ನುವ ಛಾಯಾಗ್ರಾಹಕರ ಮಾತಿನಲ್ಲಿ ಹೇಳುವುದಾದರೆ ಮೂರು ಸ್ಟಾಪ್ ದಾಟಿತು. ಮತ್ತೆ ಈ 50 ಎಂಎಂ 1.8 ಯಾವ ಕಂಪನಿಯ ಪಟ್ಟಿಯಲ್ಲಾದರೂ ಅತಿ ಅಗ್ಗದ ಲೆನ್ಸುಗಳ ಸಾಲಿನಲ್ಲೇ ಇರುತ್ತದೆ. ಮೇಲಿನ ಮಾಡೆಲ್ಲಿಗೆ ಹೋಗಲು ಕೊಡುವ ಹೆಚ್ಚಿನ ಹಣದಲ್ಲಿ ಅದು ಬಂದುಬಿಡುತ್ತದೆ.

ಒಳ್ಳೆಯ ಕಾಂಪ್ಯಾಕ್ಟ್ ಇಟ್ಟುಕೊಂಡವರ ಪಾಡು ಇನ್ನೂ ಕೆಟ್ಟದ್ದು. 2012ರಲ್ಲಿ ಬಂದ ಸೋನಿ ಆರ್‌ಎಕ್ಸ್100 ತೆಗೆದುಕೊಳ್ಳಿ. ಅಂಗೈಯಲ್ಲಿ ಹಿಡಿಸುವ ಕ್ಯಾಮೆರಾ, ಸೆನ್ಸರ್ ಡಿಎಸ್‌ಎಲ್‌ಆರ್‌ನದರ ಮೂರನೇ ಒಂದು ಪಾಲಿನಷ್ಟು. ಅದರ ಲೆನ್ಸು ಮಾತ್ರ ಅಗಲ ನೋಟದಲ್ಲಿ ಎಫ್ 1.8ಕ್ಕೆ ತೆರೆಯುತ್ತದೆ. ಅದೇ ನೋಟಕ್ಕೆ ಡಿಎಸ್‌ಎಲ್‌ಆರ್‌ನಲ್ಲಿ 18 ಎಂಎಂ ಇಟ್ಟರೆ ಡಬ್ಬದ ಲೆನ್ಸು ತೆರೆಯುವುದು 3.5ಕ್ಕೆ. ಸೆನ್ಸರಿನ ವಿಸ್ತೀರ್ಣ, ಕಿಂಡಿಯ ಅಳತೆ ಎರಡನ್ನೂ ಸೇರಿಸಿ ಲೆಕ್ಕ ಹಾಕಿ ನೋಡಿ: ಒಂದೇ ಷಟರ್ ವೇಗದಲ್ಲಿ ಆ ಪುಟ್ಟ ಕಾಂಪ್ಯಾಕ್ಟಿಗೆ ಬೀಳುವ ಒಟ್ಟು ಬೆಳಕು ಡಿಎಸ್‌ಎಲ್‌ಆರ್‌ಗೆ ಬೀಳುವುದಕ್ಕಿಂತ ತುಸು ಹೆಚ್ಚೇ ಇದೆ. ಇಂಥ ಕಾಂಪ್ಯಾಕ್ಟ್ ಮಾರಿ, ಸಾಲದ್ದಕ್ಕೆ ಇಎಂಐ ಹಾಕಿಸಿ, ಡಬ್ಬದ ಲೆನ್ಸಿನೊಂದಿಗೆ ದೊಡ್ಡ ಬಾಡಿ ತಂದವರು ರಾತ್ರಿ ಊಟದ ಹೊತ್ತಿಗೆ ಮಕ್ಕಳ ಚಿತ್ರ ತೆಗೆದು ‘ಹಳೇದೇ ಚೆನ್ನಾಗಿತ್ತಲ್ಲ’ ಎಂದರೆ ಅದು ಭ್ರಮೆಯಲ್ಲ. ನಿಜವಾಗಿಯೂ ಹಳೆಯದೇ ಚೆನ್ನಾಗಿತ್ತು. ಅವರಿಗೆ ಮಾರಿದ ಯಾರೂ ಈ ಲೆಕ್ಕವನ್ನು ಹೇಳಿರಲಿಲ್ಲ.

ಈ ಮಾತು ಕೋಣೆಯೊಳಗಿನ ಲೆಕ್ಕವಾಗಿ ಉಳಿಯದಿರಲೆಂದು ಕರಾವಳಿಯ ಒಂದು ಯಕ್ಷಗಾನದ ಚೌಕಿಗೆ ಬನ್ನಿ. ರಾತ್ರಿಯಾಟಕ್ಕೆ ಮುನ್ನ ವೇಷಧಾರಿಗಳು ಸಾಲಾಗಿ ಕೂತು ಮುಖಕ್ಕೆ ಬಣ್ಣ ಹಾಕಿಕೊಳ್ಳುತ್ತಿರುತ್ತಾರೆ. ಕೈಯಲ್ಲೊಂದು ಸಣ್ಣ ಕನ್ನಡಿ, ಮುಂದೆ ಬಣ್ಣದ ಪೆಟ್ಟಿಗೆ, ನೆತ್ತಿಯ ಮೇಲೆ ಒಂದು ಬಲ್ಬು. ಬಣ್ಣದ ವೇಷದವರು ಕೆನ್ನೆಯ ಮೇಲೆ ಅಕ್ಕಿಹಿಟ್ಟಿನ ಚಿಟ್ಟಿ ಇಡುವಾಗ ಬೆರಳಿನ ತುದಿಯಲ್ಲಿರುವ ಕಡ್ಡಿ ಒಂದೊಂದೇ ಚುಕ್ಕಿಯನ್ನು ಎಬ್ಬಿಸುತ್ತ ಹೋಗುತ್ತದೆ. ಆ ಚುಕ್ಕಿಗೆ ಬಲ್ಬಿನ ಬೆಳಕು ಓರೆಯಾಗಿ ಬಿದ್ದರೆ ಮಾತ್ರ ಅದರ ಉಬ್ಬು ಕಾಣುತ್ತದೆ. ಇಲ್ಲಿ ಡಬ್ಬದ ಲೆನ್ಸ್ ಹಿಡಿದವರಿಗೆ ಎರಡೇ ದಾರಿ. ಬಾಡಿಯ ನೆತ್ತಿಯಿಂದ ಫ್ಲಾಶ್ ಎಬ್ಬಿಸಿ ಹೊಡೆದರೆ ಚಿಟ್ಟಿಯ ಉಬ್ಬು ಸತ್ತು, ಎಣ್ಣೆ ಬೆರೆತ ಬಣ್ಣ ಬಿಳಿ ಹೊಳಪಾಗಿ, ಹಿಂದಿನ ಕಿರೀಟಗಳೆಲ್ಲ ಕತ್ತಲಲ್ಲಿ ಮುಳುಗುತ್ತವೆ. ಕಲಾವಿದರ ಏಕಾಗ್ರತೆಯೂ ಕೆಡುತ್ತದೆ, ಅದು ಎಲ್ಲಕ್ಕಿಂತ ದೊಡ್ಡ ಅಪಚಾರ. ಫ್ಲಾಶ್ ಬೇಡವೆಂದರೆ ಎಫ್ 5.6ರಲ್ಲಿ, ಐಎಸ್‌ಓ (ಬೆಳಕಿಗೆ ಸೆನ್ಸರಿನ ಸೂಕ್ಷ್ಮತೆ) 1600ರಲ್ಲಿ ಷಟರ್ ಸೆಕೆಂಡಿನ ಮೂವತ್ತನೇ ಒಂದು ಭಾಗಕ್ಕೆ ಇಳಿಯುತ್ತದೆ. ಕೈ ಅಲುಗುತ್ತದೆ, ಕಡ್ಡಿ ಹಿಡಿದ ಬೆರಳು ಕದಡಿಹೋಗುತ್ತದೆ. ಅದೇ ಜಾಗದಲ್ಲಿ, ಅದೇ ಐಎಸ್‌ಓದಲ್ಲಿ 50 ಎಂಎಂ ಲೆನ್ಸನ್ನು ಎಫ್ 2ಕ್ಕೆ ತೆರೆದರೆ ಷಟರ್ 250ನೇ ಒಂದು ಭಾಗಕ್ಕೆ ಏರುತ್ತದೆ. ಬೆರಳು ನಿಲ್ಲುತ್ತದೆ, ಚುಕ್ಕಿ ಎದ್ದು ಕಾಣುತ್ತದೆ, ಹಿಂದಿನ ಸಾಲಿನ ವೇಷಗಳು ಮೃದುವಾಗಿ ಕರಗಿ ಹಿನ್ನೆಲೆಯಾಗುತ್ತವೆ. ಬಾಡಿ ಹತ್ತು ವರ್ಷ ಹಳೆಯದಾಗಿದ್ದರೂ ಈ ಚಿತ್ರ ಸಿಗುತ್ತದೆ. ಡಬ್ಬದ ಲೆನ್ಸಿನಲ್ಲಿ ಅತಿ ಹೊಸ ಬಾಡಿಯಿದ್ದರೂ ಇದು ಸಿಗುವುದಿಲ್ಲ.

ಹೊಸ ಬಾಡಿಯ ಪರ ವಾದಿಸುವವರ ಅತಿ ಗಟ್ಟಿ ಮಾತು ಇಲ್ಲೇ ಬರುತ್ತದೆ: ‘ಹೊಸ ಸೆನ್ಸರ್ ಹೆಚ್ಚು ಐಎಸ್‌ಓದಲ್ಲೂ ಶುಭ್ರವಾಗಿ ತೆಗೆಯುತ್ತದೆ, ಲೆನ್ಸಿನ ಕೊರತೆಯನ್ನು ಅದೇ ತುಂಬುತ್ತದೆ.’ ಮಾತಿನಲ್ಲಿ ಸತ್ಯವಿದೆ, ಲೆಕ್ಕದಲ್ಲಿ ಇಲ್ಲ. ಒಂದೇ ಅಳತೆಯ ಸೆನ್ಸರಿನ ಕ್ಯಾಮೆರಾಗಳಲ್ಲಿ 2008ರ ನಿಕಾನ್ ಡಿ90ಗೂ 2018ರ ಡಿ3500ಗೂ ನಡುವೆ ಹತ್ತು ವರ್ಷದ ಅಂತರವಿದೆ. ಆ ಹತ್ತು ವರ್ಷದ ಸುಧಾರಣೆಯನ್ನೆಲ್ಲ ಧಾರಾಳವಾಗಿ ಎಣಿಸಿದರೂ ಕತ್ತಲಿನ ಚಿತ್ರದಲ್ಲಿ ಒಂದೂವರೆ-ಎರಡು ಸ್ಟಾಪಿನ ಲಾಭ ದಾಟುವುದು ಕಷ್ಟ. ಅಗ್ಗದ 50 ಎಂಎಂ ಕೊಡುವ ಲಾಭ ಮೂರು ಸ್ಟಾಪಿಗೂ ಮೇಲೆ, ಅದೂ ಕೊಂಡ ದಿನವೇ. ಹೊಸ ಬಾಡಿಗೆ ಲಕ್ಷದ ಹತ್ತಿರ ಸುರಿದು ಅದರ ಮೂತಿಗೆ 5.6 ಸಿಕ್ಕಿಸಿಕೊಂಡು ಓಡಾಡುವುದನ್ನು ನೋಡಿದರೆ ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎಂಬ ಗಾದೆಯೇ ನೆನಪಾಗುತ್ತದೆ.

ಫಿಲಂ ಕಾಲದವರಿಗೆ ಈ ಗೊಂದಲ ಇರಲಿಲ್ಲ. ಪೆಂಟಾಕ್ಸ್ ಕೆ1000 ಎಂಬ ಸರಳ ಕ್ಯಾಮೆರಾ 1976ರಿಂದ 1997ರವರೆಗೆ ತಯಾರಾಗುತ್ತಲೇ ಇತ್ತು. ಲೋಕದ ಎಷ್ಟೋ ಮಂದಿ ಎಸ್‌ಎಲ್‌ಆರ್ ಕಲಿತದ್ದು ಅದರಲ್ಲೇ. ಅದರ ಜೊತೆಗೆ ಸಾಮಾನ್ಯವಾಗಿ ಬರುತ್ತಿದ್ದುದು ಎಫ್ 2ರ 50 ಎಂಎಂ ಲೆನ್ಸು. ಬಾಡಿ ಎಂದರೆ ಬೆಳಕು ನುಸುಳದ ಪೆಟ್ಟಿಗೆ, ಒಂದು ಪರದೆ, ಒಂದು ಮೀಟರು. ಫಿಲಂ ಎಲ್ಲರಿಗೂ ಒಂದೇ. ಚಿತ್ರದಲ್ಲಿ ವ್ಯತ್ಯಾಸ ತರುವುದು ಲೆನ್ಸು ಮತ್ತು ತೆಗೆಯುವವರು ಎಂಬುದನ್ನು ಯಾರಿಗೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಆ ಲೆನ್ಸಿನಲ್ಲಿ ಜೂಮ್ ಇರಲಿಲ್ಲ, ಹತ್ತಿರ ಬೇಕೆಂದರೆ ನಾಲ್ಕು ಹೆಜ್ಜೆ ನಡೆಯಬೇಕಿತ್ತು. ನಡೆದಾಗ ಹಿನ್ನೆಲೆ ಬದಲಾಗುತ್ತದೆ, ಕೋನ ಬದಲಾಗುತ್ತದೆ, ಎದುರಿನ ವ್ಯಕ್ತಿ ನಿಮ್ಮನ್ನು ನೋಡುವ ಬಗೆಯೂ ಬದಲಾಗುತ್ತದೆ. ಜೂಮ್ ತಿರುಗಿಸಿ ನಿಂತಲ್ಲೇ ನಿಂತವರಿಗೆ ಇದು ಒದಗುವುದಿಲ್ಲ.

ಕಾಂಪ್ಯಾಕ್ಟ್ ಕಲಿಸಿದ ಕೆಟ್ಟ ಅಭ್ಯಾಸಗಳಲ್ಲಿ ಇದೇ ದೊಡ್ಡದು, ಎಲ್ಲವನ್ನೂ ‘ಎಷ್ಟು ಎಕ್ಸ್?’ ಎಂದು ಅಳೆಯುವುದು. ಇಪ್ಪತ್ತು ಎಕ್ಸ್, ನಲವತ್ತು ಎಕ್ಸ್ ಕಾಂಪ್ಯಾಕ್ಟ್ ಬಳಸಿದವರು ಡಿಎಸ್‌ಎಲ್‌ಆರ್‌ನ 18-55 ಲೆನ್ಸು ಬರೀ ಮೂರು ಎಕ್ಸ್ ಎಂದು ತಿಳಿದಾಗ ಮೋಸ ಹೋದಂತೆ ಪೆಚ್ಚಾಗುತ್ತಾರೆ. ಎಕ್ಸ್ ಎಂಬುದು ದೊಡ್ಡ ತುದಿಯನ್ನು ಸಣ್ಣ ತುದಿಯಿಂದ ಭಾಗಿಸಿದ ಅನುಪಾತ ಅಷ್ಟೆ. ಎಷ್ಟು ದೂರ ಕಾಣುತ್ತದೆ, ಎಷ್ಟು ಬೆಳಕು ಬರುತ್ತದೆ ಎಂಬ ಎರಡನ್ನೂ ಅದು ಹೇಳುವುದಿಲ್ಲ. ಈ ಪೆಚ್ಚುತನವನ್ನು ಬಳಸಿಕೊಂಡೇ ‘ಡಬಲ್ ಲೆನ್ಸ್ ಕಿಟ್’ ಮಾರಲಾಗುತ್ತದೆ. 18-55ರ ಜೊತೆಗೆ ಇನ್ನೊಂದು, 55ರಿಂದ 200ರವರೆಗೋ 250ರವರೆಗೋ ಹೋಗುವುದು. ಅದೂ ಎಫ್ 5.6. ಕತ್ತಲಾದ ಮೇಲೆ ಎರಡೂ ಬ್ಯಾಗಿನಲ್ಲೇ ಉಳಿಯುವಂಥವು.

‘ಹಕ್ಕಿ, ಹುಲಿ ತೆಗೆಯುವವರಿಗೆ ಈ ವಾದ ಹೊಂದುವುದಿಲ್ಲ’ ಎಂಬ ಆಕ್ಷೇಪಣೆ ನಮ್ಮ ರಾಜ್ಯದಲ್ಲಿ ಬಲವಾಗಿಯೇ ಬರುತ್ತದೆ. ಬರಬೇಕಾದ್ದೇ. ಇ. ಹನುಮಂತರಾವ್, ಟಿ.ಎನ್.ಎ. ಪೆರುಮಾಳ್ ಅವರಂಥವರು ಫಿಲಂ ಕಾಲದಲ್ಲೇ ವನ್ಯಜೀವಿ ಛಾಯಾಗ್ರಹಣಕ್ಕೆ ಗಟ್ಟಿ ಪರಂಪರೆ ಹಾಕಿಕೊಟ್ಟ ನಾಡು ಇದು. ಪೂರ್ಣಚಂದ್ರ ತೇಜಸ್ವಿಯವರು ಮೂಡಿಗೆರೆಯ ತೋಟದಲ್ಲಿದ್ದುಕೊಂಡು ಹಕ್ಕಿಗಳ ಹಿಂದೆ ಬಿದ್ದದ್ದನ್ನು ಓದಿ ಕ್ಯಾಮೆರಾ ಹಿಡಿದವರು ಎಷ್ಟೋ ಜನ. ಹಾರುವ ಹಕ್ಕಿಯನ್ನು ಬೆನ್ನಟ್ಟಲು ಚುರುಕಾದ ಫೋಕಸ್ ಇರುವ ಬಾಡಿ ನೆರವಾಗುತ್ತದೆ, ಒಪ್ಪುತ್ತೇನೆ. ಆದರೂ ಅಲ್ಲಿ ಮೊದಲು ಸೋಲುವುದು ಲೆನ್ಸೇ. ಕಬಿನಿ ಹಿನ್ನೀರಿನ ಕಾಡಿನಲ್ಲಿ ಸಂಜೆಯ ಸಫಾರಿ ಮುಗಿಯುವ ಹೊತ್ತು, ಪೊದೆಯ ಅಂಚಿನಲ್ಲಿ ಹುಲಿ ಕಂಡಿತೆನ್ನಿ. 300 ಎಂಎಂನಲ್ಲಿ ಎಫ್ 5.6ರ ಲೆನ್ಸಿಗೆ ಆಗ ಸಿಗುವ ಷಟರ್ ಅರವತ್ತನೇ ಒಂದು ಭಾಗವೂ ಇರಲಾರದು. ಸೆಕೆಂಡಿಗೆ ಹತ್ತು ಫ್ರೇಮ್ ತೆಗೆಯುವ ದುಬಾರಿ ಬಾಡಿ ಆ ಗಳಿಗೆಯಲ್ಲಿ ಕೊಡುವುದು ಹತ್ತು ಅಲುಗಿದ ಚಿತ್ರಗಳನ್ನು. ಸಫಾರಿಯ ಕೌಂಟರಿನಲ್ಲಿ ಕ್ಯಾಮೆರಾ ಶುಲ್ಕ ಕಟ್ಟುವಾಗಲೂ ಕೇಳುವುದು ಬಾಡಿ ಯಾವುದೆಂದಲ್ಲ, ಲೆನ್ಸ್ ಎಷ್ಟು ಎಂಎಂ ಎಂದು.

ಹಕ್ಕಿಯ ಹುಚ್ಚಿದ್ದು ಕೈಯಲ್ಲಿ ಹಣ ಕಡಿಮೆಯಿರುವವರಿಗೆ ಇನ್ನೊಂದು ಮಾತು. 2015ರಲ್ಲಿ ಬಂದ ನಿಕಾನ್ ಪಿ900ನಂಥ ಸೂಪರ್‌ಜೂಮ್ ನಿಮ್ಮ ಬಳಿಯಿದ್ದರೆ ಅದನ್ನು ಮಾರಿ ಡಬಲ್ ಲೆನ್ಸ್ ಕಿಟ್ ಕೊಳ್ಳಬೇಡಿ. ಪಿ900 ತಲುಪುವುದು ಫಿಲಂ ಕ್ಯಾಮೆರಾದ ಲೆಕ್ಕದಲ್ಲಿ 2000 ಎಂಎಂಗೆ ಸಮನಾದ ನೋಟವನ್ನು. ಕ್ಯಾನನ್ನಿನಲ್ಲಿ 250 ಎಂಎಂ ಲೆನ್ಸ್ ಹಾಕಿದರೆ ಆ ಲೆಕ್ಕದಲ್ಲಿ ಸಿಗುವುದು 400. ಮರದ ತುದಿಯ ಮಂಗಟ್ಟೆ ಹಕ್ಕಿ ಐದನೇ ಒಂದು ಪಾಲಿಗೆ ಕುಗ್ಗಿ ಕಂಡಾಗ ಡಿಎಸ್‌ಎಲ್‌ಆರ್ ಅನ್ನೇ ಬೈಯುತ್ತೀರಿ. ಅದರ ಬದಲು ಸೂಪರ್‌ಜೂಮನ್ನು ಬಿಸಿಲಿನ ಹಕ್ಕಿಗಳಿಗೆ ಇಟ್ಟುಕೊಂಡು, ಎಸ್‌ಎಲ್‌ಆರ್ ಅನ್ನು ಹತ್ತಿರದ ಜೀವನಕ್ಕೆ ಬಳಸಿ. ಉದ್ದ ಲೆನ್ಸಿಲ್ಲದೆಯೂ ಹಕ್ಕಿ ತೆಗೆಯುವ ಜಾಗಗಳು ನಮ್ಮಲ್ಲಿವೆ. ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ ಹೆಜ್ಜಾರ್ಲೆಗಳು, ಬಣ್ಣದ ಕೊಕ್ಕರೆಗಳು ಊರೊಳಗಿನ ಮರಗಳ ಮೇಲೇ ಗೂಡು ಕಟ್ಟುತ್ತವೆ. ಮನೆ, ಅಂಗಳ, ಹಸು, ಹಕ್ಕಿ ಎಲ್ಲವೂ ಒಂದೇ ಚೌಕಟ್ಟಿಗೆ ಬರುತ್ತವೆ. ರಂಗನತಿಟ್ಟಿನಲ್ಲಿ ದೋಣಿ ಗೂಡುಗಳಿಗೆ ಸಾಕಷ್ಟು ಹತ್ತಿರ ಹೋಗುತ್ತದೆ.

‘ಮುಂದಕ್ಕೂ ಆಗಬೇಕಲ್ಲ, ಈಗಲೇ ದೊಡ್ಡದು ತಗೊಂಡರೆ ಮತ್ತೆ ಬದಲಾಯಿಸುವುದು ತಪ್ಪುತ್ತದೆ’ ಎಂಬುದು ಬಾಡಿಯ ಪರವಾದ ಇನ್ನೊಂದು ವಾದ. ಮಧ್ಯಮ ವರ್ಗದ ಕುಟುಂಬಗಳ ಮೇಲೆ ಇದು ಎಲ್ಲಕ್ಕಿಂತ ಚೆನ್ನಾಗಿ ಕೆಲಸ ಮಾಡುತ್ತದೆ, ಯಾಕೆಂದರೆ ಉಳಿತಾಯದ ಮಾತಿನಂತೆ ಕೇಳಿಸುತ್ತದೆ. ಇತಿಹಾಸ ಇದಕ್ಕೆ ತೀರಾ ವಿರುದ್ಧವಾಗಿದೆ. ನಿಕಾನಿನ ಆರಂಭಿಕ ಸಾಲಿನಲ್ಲಿ 2010ರಲ್ಲಿ ಡಿ3100, 2012ರಲ್ಲಿ ಡಿ3200, 2014ರಲ್ಲಿ ಡಿ3300, 2016ರಲ್ಲಿ ಡಿ3400, 2018ರಲ್ಲಿ ಡಿ3500 ಬಂದವು. ಎರಡೆರಡು ವರ್ಷಕ್ಕೆ ಹಿಂದಿನದು ಹಳತಾಯಿತು, ಮರುಮಾರಾಟದ ಬೆಲೆ ಬಿದ್ದುಹೋಯಿತು. ಮೇಲಿನ ಬಾಡಿಗಳ ಗತಿಯೂ ಇದೇ, ಕೊಂಚ ನಿಧಾನ ಅಷ್ಟೆ. ಕ್ಯಾನನ್ನಿನ 50 ಎಂಎಂ 1.8ರ ಎರಡನೇ ಆವೃತ್ತಿ ಬಂದದ್ದು 1990ರಲ್ಲಿ, ಅದರ ಜಾಗಕ್ಕೆ ಹೊಸದು ಬಂದದ್ದು 2015ರಲ್ಲಿ. ಇಪ್ಪತ್ತೈದು ವರ್ಷ ಅದೇ ಲೆನ್ಸು ಫಿಲಂ ಕ್ಯಾಮೆರಾದ ಮೇಲೂ ಕೂತಿತು, ಡಿಜಿಟಲ್ ಮೇಲೂ ಕೂತಿತು. ಅದನ್ನು ಹಿಡಿಯುವ ಇಎಫ್ ಮೌಂಟ್ 1987ರದು. ನಿಕಾನಿನ ಎಫ್ ಮೌಂಟ್ 1959ರದು. ಮುಂದಕ್ಕೆ ಉಳಿಯುವ ವಸ್ತು ಕೊಳ್ಳಬೇಕೆಂದಿದ್ದರೆ ಅದು ಲೆನ್ಸೇ ಆಗಬೇಕು.

ಡಿಎಸ್‌ಎಲ್‌ಆರ್ ಯುಗವೇ ಮುಗಿಯಿತಲ್ಲ ಎನ್ನುವವರಿಗೂ ಇಲ್ಲೇ ಉತ್ತರವಿದೆ. ಕ್ಯಾನನ್, ನಿಕಾನ್ ಎರಡೂ 2018ರಿಂದ ಕನ್ನಡಿಯಿಲ್ಲದ ಮಿರರ್‌ಲೆಸ್ ಕ್ಯಾಮೆರಾಗಳ ಕಡೆ ಹೊರಳಿದವು. ಹೊಸ ಡಿಎಸ್‌ಎಲ್‌ಆರ್ ಬರುವುದು ಹೆಚ್ಚುಕಡಿಮೆ ನಿಂತಿದೆ. ಪರಿಣಾಮವಾಗಿ ಒಳ್ಳೆಯ ಸೆಕೆಂಡ್ ಹ್ಯಾಂಡ್ ಬಾಡಿಗಳು ಹಿಂದೆಂದೂ ಇಲ್ಲದಷ್ಟು ಅಗ್ಗವಾಗಿ ಸಿಗುತ್ತಿವೆ. ಮೊದಲ ಕ್ಯಾಮೆರಾ ಕೊಳ್ಳುವವರಿಗೆ ಇದಕ್ಕಿಂತ ಒಳ್ಳೆಯ ಕಾಲ ಬಂದಿರಲಿಲ್ಲ. ನಾಳೆ ಮಿರರ್‌ಲೆಸ್‌ಗೆ ಹೋದರೂ ಕ್ಯಾನನ್ ಇಎಫ್ ಲೆನ್ಸುಗಳು ಅಡಾಪ್ಟರ್ ಮೂಲಕ ಅಲ್ಲೂ ಪೂರ್ತಿ ಕೆಲಸ ಮಾಡುತ್ತವೆ.

‘ಕ್ಯಾಮೆರಾ ಮುಖ್ಯವಲ್ಲ, ಕಣ್ಣು ಮುಖ್ಯ’ ಎಂದು ಉಪದೇಶಿಸುವವರೂ ನನ್ನ ಪಕ್ಷದವರಲ್ಲ. ಈ ಮಾತನ್ನು ಹೆಚ್ಚಾಗಿ ಆಡುವವರು ಒಳ್ಳೆಯ ಲೆನ್ಸುಗಳನ್ನು ಎಂದೋ ಕೂಡಿಸಿಟ್ಟುಕೊಂಡವರು. ಚೌಕಿಯ ಬೆಳಕಿನಲ್ಲಿ ಎಫ್ 5.6 ಹಿಡಿದವರಿಗೆ ಎಂಥ ಕಣ್ಣಿದ್ದರೂ ಚಿಟ್ಟಿಯ ಚುಕ್ಕಿ ಸಿಗುವುದಿಲ್ಲ. ಉಪಕರಣ ಮುಖ್ಯವೇ, ಯಾವ ಉಪಕರಣ, ಯಾವ ಕೆಲಸಕ್ಕೆ ಎಂಬುದನ್ನು ಕಲಿಸದೆ ಕಣ್ಣಿನ ಮಹಿಮೆ ಹಾಡಿದರೆ ಕಲಿಯುವವರಿಗೆ ಆಗುವುದು ಕೀಳರಿಮೆ ಮಾತ್ರ. ಕಣ್ಣು ಪಳಗುವುದಕ್ಕೂ ಉಪಕರಣ ಬೇಕು. ಒಂದೇ ಫೋಕಲ್ ಲೆಂತ್‌ನಲ್ಲಿ ತಿಂಗಳುಗಟ್ಟಲೆ ತೆಗೆದವರಿಗೆ ಕ್ಯಾಮೆರಾ ಎತ್ತುವ ಮೊದಲೇ ಚೌಕಟ್ಟು ಎಲ್ಲಿಂದ ಎಲ್ಲಿಗೆ ಎಂದು ತಿಳಿದಿರುತ್ತದೆ. ಅಪರ್ಚರ್ 1.8ರಿಂದ 8ರವರೆಗೆ ತಿರುಗಿಸಿದಾಗ ಹಿನ್ನೆಲೆ ಏನಾಗುತ್ತದೆಂದು ಕಣ್ಣಾರೆ ಕಂಡವರಿಗೆ ಆಟೊ ಬಿಟ್ಟು ಹೊರಬರುವ ಧೈರ್ಯ ತಾನಾಗಿಯೇ ಬರುತ್ತದೆ. ಡಬ್ಬದ ಲೆನ್ಸಿನಲ್ಲಿ 5.6ಕ್ಕೂ 8ಕ್ಕೂ ವ್ಯತ್ಯಾಸವೇ ಕಾಣದಾಗ ಯಾರು ಯಾಕೆ ಆ ಚಕ್ರ ತಿರುಗಿಸುತ್ತಾರೆ?

ಕೊಳ್ಳುವ ವಿಷಯಕ್ಕೆ ಬಂದರೆ, ಕೆಲವು ಎಚ್ಚರಿಕೆಗಳನ್ನು ಹೇಳದೆ ಬಿಟ್ಟರೆ ನನ್ನ ವಾದವೂ ಅರ್ಧವೇ. 50 ಎಂಎಂ ಲೆನ್ಸು, ಫಿಲಂ ಚೌಕಟ್ಟಿಗಿಂತ ಸಣ್ಣ ಸೆನ್ಸರಿನ ಈ ಬಾಡಿಗಳ ಮೇಲೆ 75-80 ಎಂಎಂನಂತೆ ಕಾಣುತ್ತದೆ. ಮುಖಕ್ಕೆ ಸೊಗಸು, ಸಣ್ಣ ಕೋಣೆಯಲ್ಲಿ ಗೋಡೆ ಬೆನ್ನಿಗೆ ತಾಗುತ್ತದೆ. ಮನೆಯೊಳಗಿನ ಬದುಕನ್ನೇ ಹೆಚ್ಚು ತೆಗೆಯುವವರು ನಿಕಾನಿನಲ್ಲಾದರೆ 2009ರಲ್ಲಿ ಬಂದ 35 ಎಂಎಂ 1.8 ನೋಡಿ. ನಿಕಾನಿನಲ್ಲೇ ಇನ್ನೊಂದು ಹಳ್ಳವಿದೆ: ಡಿ40, ಡಿ3000, ಡಿ5000 ಸಾಲಿನ ಬಾಡಿಗಳೊಳಗೆ ಫೋಕಸ್ ಮೋಟರ್ ಇಲ್ಲ. ಹಳೆಯ 50 ಎಂಎಂ 1.8ಡಿ ಅಗ್ಗವೆಂದು ತಂದರೆ ಕೈಯಲ್ಲೇ ಫೋಕಸ್ ಮಾಡಬೇಕು. ಎಎಫ್-ಎಸ್ ಎಂದು ಬರೆದ ಲೆನ್ಸೇ ಬೇಕು, ಇಲ್ಲವೇ ಡಿ90ಯಂಥ ಮೋಟರ್ ಇರುವ ಬಾಡಿ ಬೇಕು.

ಸೆಕೆಂಡ್ ಹ್ಯಾಂಡ್ ಬಾಡಿ ಕೊಳ್ಳುವಾಗ ಷಟರ್ ಎಷ್ಟು ಸಲ ಬಿದ್ದಿದೆ ಎಂದು ಕೇಳಿ. ಆರಂಭಿಕ ಬಾಡಿಗಳ ಷಟರನ್ನು ಸಾಮಾನ್ಯವಾಗಿ ಒಂದು ಲಕ್ಷದ ಆಸುಪಾಸಿನ ಲೆಕ್ಕಕ್ಕೆ ಕಟ್ಟಿರುತ್ತಾರೆ. ಲೆನ್ಸಿನ ಪರೀಕ್ಷೆ ಅದಕ್ಕಿಂತ ಮುಖ್ಯ. ಎರಡೂ ಕಡೆಯ ಮುಚ್ಚಳ ತೆಗೆದು, ಹಿಂದಿನಿಂದ ಮೊಬೈಲಿನ ಟಾರ್ಚ್ ಹಿಡಿದು, ಮುಂದಿನಿಂದ ಓರೆಯಾಗಿ ನೋಡಿ. ಗಾಜಿನ ಒಳಮೈಯಲ್ಲಿ ಜೇಡರ ಬಲೆಯಂತೆ ಸಣ್ಣ ಎಳೆಗಳು ಹರಡಿದ್ದರೆ ಅದು ಫಂಗಸ್. ಮಲೆನಾಡು, ಕರಾವಳಿಯ ಮಳೆಗಾಲ ಕಂಡ ಲೆನ್ಸುಗಳಲ್ಲಿ ಇದು ತೀರಾ ಸಾಮಾನ್ಯ. ಎಷ್ಟೇ ಅಗ್ಗಕ್ಕೆ ಕೊಟ್ಟರೂ ಅದು ಬೇಡ. ಕೊಂಡ ಮೇಲೆ ನಿಮ್ಮದನ್ನೂ ಚರ್ಮದ ಬ್ಯಾಗಿನಲ್ಲಿ ಕಟ್ಟಿ ಬೀರುವಿನಲ್ಲಿಡಬೇಡಿ. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಸಿಲಿಕಾ ಜೆಲ್ ಹಾಕಿಡಿ. ಅದಕ್ಕಿಂತ ಒಳ್ಳೆಯದೆಂದರೆ ವಾರಕ್ಕೊಮ್ಮೆಯಾದರೂ ಹೊರತೆಗೆದು ಬಳಸಿ.

ಕೊನೆಯ ಮಾತು ಕೊಳ್ಳುವವರಿಗಿಂತ ಸಲಹೆ ಕೊಡುವ ಸ್ಥಾನದಲ್ಲಿರುವ ನಮ್ಮಂಥವರಿಗೆ. ‘ಯಾವ ಕ್ಯಾಮೆರಾ ತಗೊಳ್ಲಿ?’ ಎಂದು ನಿಮ್ಮ ತಂಗಿಯ ಮಗ, ಪಕ್ಕದ ಮನೆಯ ಹುಡುಗಿ, ಆಫೀಸಿನ ಗೆಳೆಯರು ಬಂದು ಕೇಳಿದಾಗ ಮಾಡೆಲ್ ನಂಬರ್ ಹೇಳಬೇಡಿ. ಏನು ತೆಗೆಯಬೇಕೆಂದಿದ್ದೀಯಾ, ಎಲ್ಲಿ, ಎಷ್ಟು ಹೊತ್ತಿಗೆ ಎಂದು ಮೊದಲು ಕೇಳಿ. ಅದಕ್ಕೆ ತಕ್ಕ ಲೆನ್ಸಿನ ಹೆಸರು ಹೇಳಿ. ಆ ಲೆನ್ಸಿಗೆ ಹಣ ತೆಗೆದಿಟ್ಟ ಮೇಲೆ ಉಳಿದದ್ದರಲ್ಲಿ ಯಾವ ಬಾಡಿ ಬರುತ್ತದೋ ಅದು ಸಾಕು ಎನ್ನಿ. ನಿಮ್ಮ ಬಳಿ 50 ಎಂಎಂ ಸುಮ್ಮನೆ ಬಿದ್ದಿದ್ದರೆ ಒಂದು ವಾರ ಅವರ ಕೈಗೆ ಕೊಟ್ಟು ಕಳಿಸಿ.